ನೈಲ್ ನದಿಯಲ್ಲಿ ಒಂದು ಪಾಠಯಾನ: ಲಕ್ಸರ್‌ನಿಂದ ಅಸ್ವಾನ್‌ವರೆಗೆ

ಈಜಿಪ್ಟ್ ನೈಲ್ ನದಿಯ ಕೊಡುಗೆ ಎಂಬ ಮಾತನ್ನು ಸಮಾಜ ವಿಜ್ಞಾನದ ತರಗತಿಗಳಲ್ಲಿ ಪ್ರತಿವರ್ಷ ಹೇಳಿಕೊಡುತ್ತೇವೆ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನ ಹೆಸರಿನೊಂದಿಗೆ ಮಕ್ಕಳು ಅದನ್ನು ಒಂದು ಅಂಕಕ್ಕೆ ಬರೆಯುತ್ತಾರೆ. ಆದರೆ ‘ಹೇಗೆ ಕೊಡುಗೆ?’ ಎಂದು ಮರುಪ್ರಶ್ನೆ ಹಾಕಿದರೆ, ಬಹುಪಾಲು ಉತ್ತರಗಳು ‘ಕುಡಿಯಲು, ಬೆಳೆಯಲು ನೀರು ಕೊಟ್ಟಿತು’ ಎಂಬಲ್ಲಿಗೆ ನಿಲ್ಲುತ್ತವೆ. ಪಿರಮಿಡ್, ಮಮ್ಮಿ, ಫೇರೋ ಎಂಬ ಪದಗಳು ನದಿಯಿಂದ ಬೇರೆಯಾಗಿ, ಬಿಡಿ ಬಿಡಿಯಾಗಿ ನೆನಪಿನಲ್ಲಿ ಉಳಿಯುತ್ತವೆ.

ಈ ಬಿಡಿ ಸಂಗತಿಗಳನ್ನು ಜೋಡಿಸಲು ಒಂದು ಸಹಜವಾದ ದಾರಿಯಿದೆ. ಪ್ರವಾಸಿಗರು ಇಂದು ಲಕ್ಸರ್‌ನಿಂದ ಅಸ್ವಾನ್‌ವರೆಗೆ, ಸುಮಾರು 200 ಕಿ.ಮೀ. ದೂರವನ್ನು, ಮಾರ್ಗದರ್ಶಕರೊಂದಿಗೆ ದೋಣಿಯಲ್ಲಿ ಕ್ರಮಿಸುತ್ತಾರೆ. ಈ ಯಾನವನ್ನೇ ಪಾಠದ ಚೌಕಟ್ಟಾಗಿ ಬಳಸಬಹುದು. ಆದರೆ ಪ್ರತಿ ನಿಲುಗಡೆಯಲ್ಲೂ ದೇವಾಲಯದ ಹೆಸರು, ಕಟ್ಟಿಸಿದವನ ಹೆಸರು, ಕಂಬಗಳ ಸಂಖ್ಯೆ ಹೇಳುತ್ತಾ ಸಾಗಿದರೆ ಅದು ಚಿತ್ರಪ್ರದರ್ಶನವಾದೀತೇ ಹೊರತು ಪಾಠವಾಗದು. ಪ್ರತಿ ನಿಲುಗಡೆಗೂ ಒಂದೇ ಪ್ರಶ್ನೆ ಇರಲಿ. ಅದರ ಉತ್ತರ ನದಿಯಲ್ಲಿ ಸಿಗುವಂತಿರಲಿ. 45 ನಿಮಿಷಗಳ ಎರಡು ಅವಧಿಗಳಿಗೆ ಸಾಕಾಗುವ ವಿಷಯವನ್ನು ಮುಂದೆ ವಿವರಿಸಿದೆ.

ಯಾನಕ್ಕೆ ಮುನ್ನ: ದಿಕ್ಕಿನ ಪರಿಚಯ

ಮೊದಲು ಗೋಡೆಯ ಮೇಲೆ ಭೂಪಟ ಬೇಕು. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿದು ಮೆಡಿಟರೇನಿಯನ್ ಸಮುದ್ರ ಸೇರುತ್ತದೆ. ಹಾಗಾಗಿ ಭೂಪಟದಲ್ಲಿ ಕೆಳಗಿರುವ ದಕ್ಷಿಣ ಭಾಗಕ್ಕೆ ‘ಮೇಲಿನ ಈಜಿಪ್ಟ್’ ಎಂದೂ, ಮೇಲಿರುವ ಮುಖಜಭೂಮಿಗೆ ‘ಕೆಳಗಿನ ಈಜಿಪ್ಟ್’ ಎಂದೂ ಹೆಸರು. ಇಲ್ಲಿ ಮೇಲೆ, ಕೆಳಗೆ ಎಂಬುದು ನೀರಿನ ಹರಿವಿಗೆ ಸಂಬಂಧಿಸಿದ್ದು. ಇದನ್ನು ಮೊದಲೇ ಸ್ಪಷ್ಟಪಡಿಸದಿದ್ದರೆ ಮಕ್ಕಳಿಗೆ ಇಡೀ ಪಾಠದಲ್ಲಿ ದಿಕ್ಕು ತಪ್ಪುತ್ತದೆ.

ಎರಡನೆಯ ಸಂಗತಿ ಗಾಳಿ. ಅಲ್ಲಿ ವರ್ಷದ ಬಹುಕಾಲ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಉತ್ತರಕ್ಕೆ ಹೋಗುವವರನ್ನು ಹರಿವು ಒಯ್ಯುತ್ತದೆ. ದಕ್ಷಿಣಕ್ಕೆ ಹೋಗುವವರು ಹಾಯಿ ಬಿಚ್ಚಿದರೆ ಗಾಳಿ ತಳ್ಳುತ್ತದೆ. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯಲ್ಲಿ ದಕ್ಷಿಣದ ಪ್ರಯಾಣಕ್ಕೆ ಹಾಯಿ ಬಿಚ್ಚಿದ ದೋಣಿಯನ್ನೂ ಉತ್ತರದ ಪ್ರಯಾಣಕ್ಕೆ ಹಾಯಿಯಿಲ್ಲದ ದೋಣಿಯನ್ನೂ ಬರೆಯುತ್ತಿದ್ದರು. ಈ ಎರಡು ದೋಣಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ‘ಯಾವುದು ಯಾವ ಕಡೆಗೆ ಹೋಗುತ್ತಿದೆ?’ ಎಂದು ಕೇಳುವುದು ಒಳ್ಳೆಯ ಪೀಠಿಕೆ. ಸಾವಿರಾರು ವರ್ಷ ಒಂದೇ ರಾಜ್ಯವಾಗಿ ಆಳಲು ಸಾಧ್ಯವಾದುದಕ್ಕೆ ಈ ಎರಡು ಕಡೆಯ ಸಂಚಾರ ಒಂದು ಮುಖ್ಯ ಕಾರಣ ಎಂಬುದನ್ನು ಮಕ್ಕಳೇ ಊಹಿಸಬಲ್ಲರು.

ಮೊದಲ ನಿಲುಗಡೆ: ಲಕ್ಸರ್‌ನ ಪೂರ್ವದಂಡೆ

ಪ್ರಶ್ನೆ: ಇಷ್ಟು ದೊಡ್ಡ ಕಲ್ಲುಗಳು ಇಲ್ಲಿಗೆ ಎಲ್ಲಿಂದ ಬಂದವು?

ಲಕ್ಸರ್ ಎಂದರೆ ಪ್ರಾಚೀನ ಥೀಬ್ಸ್. ಪೂರ್ವದಂಡೆಯ ಕಾರ್ನಾಕ್‌ನಲ್ಲಿ ಅಮುನ್ ದೇವರ ಬೃಹತ್ ದೇವಾಲಯವಿದೆ. ಒಬ್ಬನೇ ರಾಜ ಕಟ್ಟಿಸಿದ್ದಲ್ಲ. ಸುಮಾರು 2000 ವರ್ಷಗಳ ಕಾಲ ಒಬ್ಬರಾದ ಮೇಲೊಬ್ಬರು ಸೇರಿಸುತ್ತಾ ಹೋದದ್ದು. ಮೊದಲನೇ ಸೇತಿ ಮತ್ತು ಎರಡನೇ ರಾಮ್ಸೆಸ್ ಕಾಲದ ಕಂಬಗಳ ಮಂಟಪದಲ್ಲಿ 134 ಕಂಬಗಳಿವೆ. ನಡುವಿನ 12 ಕಂಬಗಳ ಎತ್ತರ ಸುಮಾರು 21 ಮೀಟರ್. ಅವುಗಳ ತುದಿ ಅರಳಿದ ಪಪೈರಸ್ ಜೊಂಡಿನ ಆಕಾರದಲ್ಲಿದೆ. ನದಿದಂಡೆಯ ಜೊಂಡು ಇಲ್ಲಿ ಕಲ್ಲಾಗಿದೆ.

ಅಲ್ಲೇ ರಾಣಿ ಹ್ಯಾಟ್‌ಶೆಪ್ಸುಟ್ ನಿಲ್ಲಿಸಿದ ಒಬೆಲಿಸ್ಕ್, ಅಂದರೆ ನಾಲ್ಕು ಮುಖಗಳ, ಮೊನಚು ತುದಿಯ ಏಕಶಿಲಾ ಸ್ತಂಭ, ಸುಮಾರು 29 ಮೀಟರ್ ಎತ್ತರಕ್ಕೆ ನಿಂತಿದೆ. ಅದು ಕೆಂಪು ಗ್ರಾನೈಟ್. ಲಕ್ಸರ್‌ನ ಸುತ್ತ ಇರುವುದು ಸುಣ್ಣಕಲ್ಲಿನ ಬೆಟ್ಟ, ಗ್ರಾನೈಟ್ ಇಲ್ಲ. ಶಿಕ್ಷಕರು ಉತ್ತರವನ್ನು ಇಲ್ಲಿಯೇ ಹೇಳಬಾರದು. ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟು ಮುಂದೆ ಸಾಗಬೇಕು.

ಎರಡನೇ ನಿಲುಗಡೆ: ಪಶ್ಚಿಮದಂಡೆ

ಪ್ರಶ್ನೆ: ಗೋರಿಗಳು ನದಿಯ ಆಚೆಗೇಕೆ?

ಸೂರ್ಯ ಮುಳುಗುವ ಪಶ್ಚಿಮ ದಿಕ್ಕು ಸತ್ತವರ ಲೋಕದ ದಿಕ್ಕೆಂದು ಈಜಿಪ್ಟಿನವರು ನಂಬಿದ್ದರು. ಜೊತೆಗೆ ಒಂದು ಭೌಗೋಳಿಕ ಕಾರಣವೂ ಇದೆ. ಪ್ರವಾಹ ಮುಟ್ಟುವ ಕಪ್ಪು ಮಣ್ಣು ಬೆಳೆಗೆ ಬೇಕು. ಅದರಾಚೆಯ ಒಣ ಮರುಭೂಮಿಯಲ್ಲಿ ಹೂತದ್ದು ಕೊಳೆಯುವುದಿಲ್ಲ. ನಂಬಿಕೆ ಮತ್ತು ನೆಲ ಎರಡೂ ಒಂದೇ ಕಡೆಗೆ ಬೊಟ್ಟು ಮಾಡಿದವು. ಆದರೆ ಇದನ್ನು ನಿಯಮವೆಂದು ಬರೆಯಿಸಬಾರದು. ಎಸ್ನಾ ಮತ್ತು ಎಡ್ಫು ನಡುವಿನ ಎಲ್‌ಕಾಬ್‌ನ ಗೋರಿಗಳು ಪೂರ್ವದಂಡೆಯಲ್ಲೇ ಇವೆ. ‘ಸಾಮಾನ್ಯವಾಗಿ’ ಎಂಬ ಪದದ ಬೆಲೆಯನ್ನು ಮಕ್ಕಳಿಗೆ ತಿಳಿಸಲು ಇದು ತಕ್ಕ ಉದಾಹರಣೆ.

ಇಲ್ಲಿನ ರಾಜರ ಕಣಿವೆಯಲ್ಲಿ 60ಕ್ಕೂ ಹೆಚ್ಚು ಗೋರಿಗಳು ಪತ್ತೆಯಾಗಿವೆ. 1922ರ ನವೆಂಬರ್‌ನಲ್ಲಿ ಹೊವಾರ್ಡ್ ಕಾರ್ಟರ್ ತಂಡಕ್ಕೆ ಸಿಕ್ಕ ಟುಟಾಂಕಮನ್ ಗೋರಿಯಲ್ಲಿ 5000ಕ್ಕೂ ಹೆಚ್ಚು ವಸ್ತುಗಳಿದ್ದವು. ಚಿನ್ನದ ಮುಖವಾಡದ ಚಿತ್ರ ತೋರಿಸುವುದು ತಪ್ಪಲ್ಲ. ಆದರೆ ಅಲ್ಲಿಗೇ ನಿಲ್ಲದೆ, ಆ ಗೋರಿಗಳನ್ನು ಕೊರೆದು ಬಣ್ಣ ಹಚ್ಚಿದವರ ಊರಿಗೂ ಮಕ್ಕಳನ್ನು ಕರೆದೊಯ್ಯಬೇಕು.

ಆ ಊರು ದೆಯ್ರ್ ಎಲ್ ಮದೀನಾ. ಅಲ್ಲಿದ್ದವರು ಗುಲಾಮರಲ್ಲ, ಕಲ್ಲುಕುಟಿಗರು, ಚಿತ್ರಕಾರರು, ಲಿಪಿಕಾರರು. ಸಂಬಳವಾಗಿ ಅವರಿಗೆ ಧಾನ್ಯ ಸಿಗುತ್ತಿತ್ತು. ಮಡಕೆ ಚೂರುಗಳ ಮೇಲೆ ಅವರು ಬರೆದಿಟ್ಟ ಲೆಕ್ಕ, ಹಾಜರಿ, ಜಗಳ, ಪತ್ರಗಳು ಸಾವಿರಾರು ಸಂಖ್ಯೆಯಲ್ಲಿ ದೊರೆತಿವೆ. ಮೂರನೇ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷದಲ್ಲಿ, ಕ್ರಿ.ಪೂ. 12ನೇ ಶತಮಾನದಲ್ಲಿ, ಧಾನ್ಯ ಬರುವುದು ತಡವಾದಾಗ ಅವರು ಕೆಲಸ ನಿಲ್ಲಿಸಿ, ಹಸಿದಿದ್ದೇವೆ ಎಂದು ದೇವಾಲಯದ ಬಳಿ ಹೋಗಿ ಕುಳಿತರು. ದಾಖಲೆ ಉಳಿದಿರುವ ಅತ್ಯಂತ ಹಳೆಯ ಮುಷ್ಕರಗಳಲ್ಲಿ ಇದೂ ಒಂದು. ಆ ಪಪೈರಸ್ ಈಗ ಇಟಲಿಯ ಟ್ಯೂರಿನ್ ನಗರದಲ್ಲಿದೆ. ರಾಜನ ಚಿನ್ನದ ಜೊತೆಗೆ ಕೆಲಸಗಾರನ ಧಾನ್ಯವನ್ನೂ ಇಟ್ಟು ತೋರಿಸಿದಾಗ ಮಕ್ಕಳಿಗೆ ಇತಿಹಾಸ ಎಂದರೆ ರಾಜರ ಪಟ್ಟಿಯಲ್ಲ ಎಂಬುದು ಬಾಯಿಮಾತಿನಲ್ಲಿ ಹೇಳದೆಯೇ ತಿಳಿಯುತ್ತದೆ.

ಮೂರನೇ ನಿಲುಗಡೆ: ಎಸ್ನಾ ಮತ್ತು ಎಡ್ಫು

ಪ್ರಶ್ನೆ: ದೇವಾಲಯದ ಒಳಗೆ ಹೋದಂತೆ ಏಕೆ ಕತ್ತಲಾಗುತ್ತದೆ?

ಎಸ್ನಾದ ಖ್ನುಮ್ ದೇವಾಲಯ ಇಂದಿನ ಬೀದಿಯ ಮಟ್ಟಕ್ಕಿಂತ ಸುಮಾರು 9 ಮೀಟರ್ ಕೆಳಗಿದೆ. ದೇವಾಲಯ ಕುಸಿದದ್ದಲ್ಲ, ಅದರ ಸುತ್ತ ಶತಮಾನಗಳ ಮಣ್ಣು, ಮನೆಗಳ ಅವಶೇಷ ಸೇರಿ ಊರೇ ಮೇಲೇರಿದ್ದು. ಉತ್ಖನನದ ಪದರಗಳನ್ನು ವಿವರಿಸಲು ಇದಕ್ಕಿಂತ ಸರಳ ಚಿತ್ರ ಬೇಡ.

ಎಡ್ಫುವಿನ ಹೋರಸ್ ದೇವಾಲಯ ಅತ್ಯಂತ ಚೆನ್ನಾಗಿ ಉಳಿದಿರುವ ಈಜಿಪ್ಟಿನ ದೇವಾಲಯಗಳಲ್ಲಿ ಒಂದು. ಕ್ರಿ.ಪೂ. 237ರಲ್ಲಿ ಆರಂಭವಾದ ಕೆಲಸ ಕ್ರಿ.ಪೂ. 57ರಲ್ಲಿ ಮುಗಿಯಿತು. ಆಗ ಆಳುತ್ತಿದ್ದವರು ಗ್ರೀಕ್ ಮೂಲದ ಟಾಲೆಮಿ ರಾಜರು. ಸುಮಾರು 36 ಮೀಟರ್ ಎತ್ತರದ ಜೋಡಿ ಗೋಪುರಗೋಡೆ, ತೆರೆದ ಅಂಗಳ, ಕಂಬಗಳ ಮಂಟಪ, ಕೊನೆಗೆ ಗರ್ಭಗುಡಿ: ಒಳಗೆ ಹೋದಂತೆ ನೆಲ ಏರುತ್ತದೆ, ಚಾವಣಿ ಇಳಿಯುತ್ತದೆ, ಬೆಳಕು ಕುಗ್ಗುತ್ತದೆ. ಸೃಷ್ಟಿಯ ಆರಂಭದಲ್ಲಿ ಎಲ್ಲೆಲ್ಲೂ ನೀರೇ ಇತ್ತು, ಅದರಿಂದ ಮೊದಲು ಒಂದು ದಿಬ್ಬ ಮೇಲೆದ್ದಿತು ಎಂಬುದು ಈಜಿಪ್ಟಿನವರ ನಂಬಿಕೆ. ಪ್ರತಿವರ್ಷ ಪ್ರವಾಹ ಇಳಿದಾಗ ಮಣ್ಣಿನ ದಿಬ್ಬಗಳು ಕಾಣಿಸಿಕೊಳ್ಳುವುದನ್ನು ಕಂಡವರಿಗೆ ಈ ಕಲ್ಪನೆ ಸಹಜ. ಗರ್ಭಗುಡಿಯೇ ಆ ದಿಬ್ಬ, ಕಂಬಗಳೇ ಅದರ ಸುತ್ತಲಿನ ಜೊಂಡು.

ನಮ್ಮ ಮಕ್ಕಳು ಮುಖಮಂಟಪ, ನವರಂಗ, ಗರ್ಭಗುಡಿಗಳನ್ನು ಬಲ್ಲವರು. ದೇವರು ಹಬ್ಬದ ದಿನ ಹೊರಗೆ ಬರುವುದನ್ನೂ ತೆಪ್ಪೋತ್ಸವವನ್ನೂ ಕಂಡವರು. ಡೆಂಡೆರಾದ ಹಾಥೋರ್ ದೇವಿಯನ್ನು ವರ್ಷಕ್ಕೊಮ್ಮೆ ದೋಣಿಯಲ್ಲಿ ಎಡ್ಫುವಿಗೆ ಕರೆತರುತ್ತಿದ್ದರು ಎಂದರೆ ಅವರಿಗೆ ಕೂಡಲೇ ಅರ್ಥವಾಗುತ್ತದೆ. ಈ ಪೂರ್ವಜ್ಞಾನವನ್ನು ಬಳಸಿಕೊಳ್ಳೋಣ. ಆದರೆ ಹೋಲಿಕೆ ಇದ್ದ ಮಾತ್ರಕ್ಕೆ ಒಬ್ಬರಿಂದ ಒಬ್ಬರು ಕಲಿತರು ಎಂದು ಅರ್ಥವಲ್ಲ ಎಂಬ ಎಚ್ಚರವನ್ನೂ ಜೊತೆಗೇ ಕೊಡಬೇಕು.

ನಾಲ್ಕನೇ ನಿಲುಗಡೆ: ಕೋಮ್ ಓಂಬೊ

ಪ್ರಶ್ನೆ: ದೇವಾಲಯದಲ್ಲಿ ನೀರಿನ ಮಟ್ಟ ಅಳೆಯುವ ಬಾವಿ ಏಕೆ?

ಇದು ಜೋಡಿ ದೇವಾಲಯ: ಒಂದು ಬದಿ ಮೊಸಳೆಯ ತಲೆಯ ಸೊಬೆಕ್, ಇನ್ನೊಂದು ಬದಿ ಗಿಡುಗನ ತಲೆಯ ಹೋರಸ್. ಇಲ್ಲಿ ನದಿಯ ಮಟ್ಟ ಅಳೆಯುವ ಬಾವಿಯಿದೆ. ಇಂತಹವಕ್ಕೆ ನೈಲೋಮೀಟರ್ ಎಂದು ಹೆಸರು. ಪ್ರವಾಹ ಕಡಿಮೆಯಾದರೆ ಹೊಲಕ್ಕೆ ಮಣ್ಣೂ ನೀರೂ ಇಲ್ಲ, ಹೆಚ್ಚಾದರೆ ಒಡ್ಡು, ಮನೆ, ದನಕರು ಕೊಚ್ಚಿಹೋಗುತ್ತವೆ. ಅಳತೆ ಮೊಳದ ಲೆಕ್ಕದಲ್ಲಿ ನಡೆಯುತ್ತಿತ್ತು. 12 ಮೊಳಕ್ಕೆ ಬರ, 14ಕ್ಕೆ ನೆಮ್ಮದಿ, 16ಕ್ಕೆ ಸಮೃದ್ಧಿ ಎಂಬರ್ಥದ ಲೆಕ್ಕವನ್ನು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಮಟ್ಟ ತಿಳಿದರೆ ಬೆಳೆ ತಿಳಿಯುತ್ತದೆ, ಬೆಳೆ ತಿಳಿದರೆ ತೆರಿಗೆ ತಿಳಿಯುತ್ತದೆ. ಧರ್ಮ, ಕೃಷಿ, ಆಡಳಿತ ಮೂರೂ ಈ ಒಂದು ಬಾವಿಯಲ್ಲಿ ಸೇರುತ್ತವೆ. ಇಡೀ ಪಾಠದ ಕೇಂದ್ರಬಿಂದು ಇದೇ. ಸಮಯ ಕಡಿಮೆಯಿದ್ದರೆ ಬೇರೆ ಯಾವುದನ್ನಾದರೂ ಬಿಡಬಹುದು, ಇದನ್ನಲ್ಲ.

ಪ್ರವಾಹ ಬರುತ್ತಿದ್ದುದು ಎಲ್ಲಿಂದ? ಇಥಿಯೋಪಿಯಾದ ಎತ್ತರದ ನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಿಂದ. ನಮ್ಮಲ್ಲಿ ಮುಂಗಾರು ಇರುವುದೂ ಅದೇ ತಿಂಗಳುಗಳಲ್ಲಿ. ಮಳೆಯೇ ಅಪರೂಪವಾದ ಈಜಿಪ್ಟಿಗೆ ದೂರದ ಮಳೆ ನದಿಯ ಮೂಲಕ ತಲುಪುತ್ತಿತ್ತು.

ಐದನೇ ನಿಲುಗಡೆ: ಅಸ್ವಾನ್

ಇಲ್ಲಿ ಮೂಲೆಯಲ್ಲಿ ಬರೆದಿಟ್ಟ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅಸ್ವಾನ್‌ನಲ್ಲಿ ಗ್ರಾನೈಟ್ ಬಂಡೆಗಳು ನದಿಗೇ ಅಡ್ಡ ಬಂದು, ನೀರು ರಭಸದಿಂದ ಹರಿಯುತ್ತದೆ. ಅಲ್ಲಿನ ಗಣಿಯಲ್ಲಿ ಸುಮಾರು 42 ಮೀಟರ್ ಉದ್ದದ, 1000 ಟನ್ನಿಗೂ ಹೆಚ್ಚು ತೂಕವಾಗಬಹುದಾಗಿದ್ದ ಒಬೆಲಿಸ್ಕ್ ಬಿರುಕು ಬಿಟ್ಟ ಕಾರಣ ಇಂದಿಗೂ ಬಂಡೆಗೆ ಅಂಟಿಕೊಂಡೇ ಮಲಗಿದೆ. ಗಟ್ಟಿಯಾದ ಡಾಲರೈಟ್ ಗುಂಡುಗಳಿಂದ ಗ್ರಾನೈಟನ್ನು ಕುಟ್ಟಿ ಕುಟ್ಟಿ ಸವೆಸಿದ ಗುರುತುಗಳು ಅದರ ಸುತ್ತ ಕಾಣುತ್ತವೆ. ಹ್ಯಾಟ್‌ಶೆಪ್ಸುಟ್‌ಳ ಒಬೆಲಿಸ್ಕ್‌ನ ಬುಡದ ಶಾಸನ ಏಳು ತಿಂಗಳ ಕೆಲಸವನ್ನು ಹೇಳುತ್ತದೆ. ಪಶ್ಚಿಮದಂಡೆಯ ಅವಳ ದೇವಾಲಯದ ಗೋಡೆಯ ಮೇಲೆ ಒಬೆಲಿಸ್ಕ್ ಹೊತ್ತ ದೊಡ್ಡ ದೋಣಿಯ ಚಿತ್ರವಿದೆ. ಕಲ್ಲು ಹರಿವಿನೊಂದಿಗೆ ಉತ್ತರಕ್ಕೆ ಸಾಗಿತು. ನಾವು ಆ ದಾರಿಯನ್ನೇ ಹಿಮ್ಮುಖವಾಗಿ ಬಂದಿದ್ದೇವೆ.

ಅಣೆಕಟ್ಟಿನ ನಂತರ

1970ರಲ್ಲಿ ಅಸ್ವಾನ್ ಎತ್ತರದ ಅಣೆಕಟ್ಟು ಪೂರ್ಣವಾದ ಮೇಲೆ ಈಜಿಪ್ಟಿನಲ್ಲಿ ವಾರ್ಷಿಕ ಪ್ರವಾಹ ನಿಂತಿತು. ವಿದ್ಯುತ್ತು, ವರ್ಷವಿಡೀ ನೀರು ದೊರೆಯಿತು. ಫಲವತ್ತಾದ ಹೂಳು ಅಣೆಕಟ್ಟಿನ ಹಿಂದೆ ಉಳಿಯಿತು. ಯುನೆಸ್ಕೊ 1960ರಲ್ಲಿ ಕೊಟ್ಟ ಕರೆಯಂತೆ ಹಲವು ದೇಶಗಳು ಸೇರಿ, 1964ರಿಂದ 1968ರ ನಡುವೆ ಅಬು ಸಿಂಬೆಲ್ ದೇವಾಲಯಗಳನ್ನು ತುಂಡುಗಳಾಗಿ ಕೊಯ್ದು ಸುಮಾರು 65 ಮೀಟರ್ ಎತ್ತರಕ್ಕೆ ಸ್ಥಳಾಂತರಿಸಿದವು. ಫಿಲೆಯ ಐಸಿಸ್ ದೇವಾಲಯವನ್ನು ಪಕ್ಕದ ಅಗಿಲ್ಕಿಯ ದ್ವೀಪಕ್ಕೆ ಸಾಗಿಸಲಾಯಿತು. ಆದರೆ ಮುಳುಗಿದ್ದು ಕಲ್ಲು ಮಾತ್ರವಲ್ಲ. ನೂಬಿಯದ ಸಾವಿರಾರು ಕುಟುಂಬಗಳು ಊರು, ಖರ್ಜೂರದ ತೋಟ, ಪೂರ್ವಜರ ಗೋರಿಗಳನ್ನು ಬಿಟ್ಟು ಹೊರಟವು. ಆಲಮಟ್ಟಿ ಹಿನ್ನೀರಿನ ಸುತ್ತಲ ಶಾಲೆಗಳಲ್ಲಿ ಈ ಭಾಗವನ್ನು ಕಲಿಸುವವರು ಮಕ್ಕಳ ಮನೆಯ ಹಿರಿಯರನ್ನೇ ಸಂಪನ್ಮೂಲ ವ್ಯಕ್ತಿಗಳಾಗಿ ಕರೆಯಬಹುದು. ‘ಏನನ್ನು ಉಳಿಸಿಕೊಳ್ಳಬೇಕೆಂದು ಯಾರು ನಿರ್ಧರಿಸುತ್ತಾರೆ?’ ಎಂಬ ಚರ್ಚೆಗೆ ಪಠ್ಯಪುಸ್ತಕಕ್ಕಿಂತ ಅವರ ಮಾತು ಹೆಚ್ಚು ಬೆಳಕು ಕೊಟ್ಟೀತು.

ಮಕ್ಕಳು ಕೇಳುವ ಎರಡು ಪ್ರಶ್ನೆಗಳು

‘ಗೋರಿ ತೆರೆದವರಿಗೆ ಶಾಪ ತಟ್ಟಿತಂತೆ, ನಿಜವೇ ಸರ್?’ ಉತ್ಖನನಕ್ಕೆ ಹಣ ಕೊಟ್ಟ ಲಾರ್ಡ್ ಕಾರ್ನಾರ್ವನ್ 1923ರಲ್ಲಿ, ಸೊಳ್ಳೆ ಕಚ್ಚಿದ ಗಾಯ ನಂಜಾಗಿ ತೀರಿಕೊಂಡದ್ದು ನಿಜ. ಆದರೆ ಗೋರಿಯನ್ನು ತೆರೆದು ಹತ್ತು ವರ್ಷ ಅದರಲ್ಲೇ ದುಡಿದ ಕಾರ್ಟರ್ ಬದುಕಿದ್ದು 1939ರವರೆಗೆ. ಎರಡೂ ಸಂಗತಿಗಳನ್ನು ಮುಂದಿಟ್ಟು ತೀರ್ಮಾನವನ್ನು ಮಕ್ಕಳಿಗೇ ಬಿಡಬಹುದು.

‘ಈಜಿಪ್ಟಿನಲ್ಲಿ ಕನ್ನಡ ಸಿಕ್ಕಿದೆಯಂತೆ?’ ಆಕ್ಸಿರಿಂಕಸ್ ಎಂಬಲ್ಲಿ ದೊರೆತ, ಸುಮಾರು ಕ್ರಿ.ಶ. 2ನೇ ಶತಮಾನದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತೀಯರ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ. ಅವು ಕನ್ನಡವೆಂದು ಹುಲ್ಟ್ಜ್ ಸೂಚಿಸಿದರು. ಗೋವಿಂದ ಪೈ ಮೊದಲಾದವರು ಚರ್ಚಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಅಭಿಮಾನದ ಸಂಗತಿಯಲ್ಲೂ ಪುರಾವೆ ಕೇಳುವುದನ್ನು ಕಲಿಸಲು ಇದು ಸದವಕಾಶ.

ಕಾಲದ ದಾರ

ಈ ಯಾನದ ಒಂದು ಮಿತಿಯನ್ನು ಶಿಕ್ಷಕರು ನೆನಪಿಡಬೇಕು. ದಾರಿಯ ಕ್ರಮ ಕಾಲದ ಕ್ರಮವಲ್ಲ. ಇದಕ್ಕೆ 3 ಮೀಟರ್ ದಾರವೊಂದು ಸಾಕು. ಒಂದು ಸೆಂ.ಮೀ.ಗೆ 10 ವರ್ಷದಂತೆ, ಆರಂಭವನ್ನು ಕ್ರಿ.ಪೂ. 2600 ಎಂದಿಟ್ಟುಕೊಳ್ಳಿ. ಗೀಜಾದ ಖುಫುವಿನ ಪಿರಮಿಡ್ ಸುಮಾರು 4 ಸೆಂ.ಮೀ.ಗೆ, ಹ್ಯಾಟ್‌ಶೆಪ್ಸುಟ್ 113ರ ಆಸುಪಾಸಿಗೆ, ಟುಟಾಂಕಮನ್ 127ಕ್ಕೆ, ಎಡ್ಫುವಿನ ಆರಂಭ 236ಕ್ಕೆ ಬರುತ್ತವೆ. ದಾರದ ತುದಿಯಲ್ಲಿ ಫಿಲೆ: ದಿನಾಂಕವಿರುವ ಕೊನೆಯ ಚಿತ್ರಲಿಪಿ ಶಾಸನವನ್ನು ಅಲ್ಲಿ ಕ್ರಿ.ಶ. 394ರಲ್ಲಿ ಕೊರೆಯಲಾಯಿತು. ಮಕ್ಕಳೇ ದಾರಕ್ಕೆ ಚೀಟಿ ಕಟ್ಟಲಿ. ಪಿರಮಿಡ್ಡಿನಿಂದ ಎಡ್ಫುವಿಗೆ ಇರುವ ಅಂತರ ಎಡ್ಫುವಿನಿಂದ ನಮಗಿರುವ ಅಂತರಕ್ಕಿಂತಲೂ ತುಸು ಹೆಚ್ಚು ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಮೌಲ್ಯಮಾಪನ

ದೇವಾಲಯಗಳ ಹೆಸರು ಹೊಂದಿಸಿ ಬರೆಯುವ ಪ್ರಶ್ನೆ ಬೇಡ. ಬದಲಿಗೆ ಒಂದು ಸನ್ನಿವೇಶ ಕೊಡಿ: ಒಂದು ವರ್ಷ ಪ್ರವಾಹ 12 ಮೊಳ ಮಾತ್ರ ಏರಿದೆ. ರೈತ, ತೆರಿಗೆ ಅಧಿಕಾರಿ, ದೇವಾಲಯದ ಪೂಜಾರಿ, ದೆಯ್ರ್ ಎಲ್ ಮದೀನಾದ ಕಲ್ಲುಕುಟಿಗ, ಈ ನಾಲ್ವರಿಗೆ ಆ ವರ್ಷ ಏನಾಗಬಹುದು? ಗುಂಪಿಗೆ ಒಬ್ಬರಂತೆ ಹಂಚಿ, ಪ್ರತಿ ಉತ್ತರಕ್ಕೂ ಯಾನದಲ್ಲಿ ಕಂಡ ಒಂದು ಪುರಾವೆಯನ್ನು ಕೇಳಿ. ಬಾವಿಯ ಮಟ್ಟದಿಂದ ಕಲ್ಲುಕುಟಿಗನ ಖಾಲಿ ಧಾನ್ಯದ ಚೀಲದವರೆಗೆ ಮಕ್ಕಳು ಕಾರಣಗಳನ್ನು ಜೋಡಿಸಬಲ್ಲರಾದರೆ, ಹೆರೊಡೊಟಸ್‌ನ ಆ ಒಂದು ಅಂಕದ ಮಾತು ಅವರಿಗೆ ಅರ್ಥವಾಗಿದೆ ಎಂದು ತಿಳಿಯಬಹುದು.