ಅಂತ್ಯಕಾಲದ ಶುಶ್ರೂಷೆ ಮತ್ತು ದಾದಿಯ ದುಃಖ

ಪ್ರತಿ ವರ್ಷ ನವೆಂಬರ್ ತಿಂಗಳು ಬಂತೆಂದರೆ ಬ್ಯಾಂಕುಗಳಲ್ಲಿ ನಿವೃತ್ತಿ ವೇತನದಾರರ ಸಾಲು ಬೆಳೆಯುತ್ತದೆ. ತಾವು ಜೀವಂತರಾಗಿದ್ದೇವೆಂಬ ಪ್ರಮಾಣಪತ್ರವನ್ನು ಅವರು ಒದಗಿಸಬೇಕು. 2014ರಿಂದ ಈ ಕಾರ್ಯವು ಯಂತ್ರದ ಮೂಲಕವೂ ನಡೆಯುತ್ತಿದೆಯಾದರೂ, ಹಾಸಿಗೆ ಹಿಡಿದವರ ಮನೆಗೆ ಅಧಿಕಾರಿಯೊಬ್ಬನು ಹೋಗಿ ಬರುವ ಪದ್ಧತಿ ಇನ್ನೂ ನಿಂತಿಲ್ಲ. ಖಾತೆಯಿಂದ ಹಣ ತೆಗೆಯಬೇಕಾದ ರೋಗಿಗೆ ಸಹಿ ಮಾಡುವ ಶಕ್ತಿ ಇಲ್ಲದಿದ್ದರೆ ಹೆಬ್ಬೆರಳಿನ ಗುರುತನ್ನೂ, ಅದೂ ಅಸಾಧ್ಯವಾದರೆ ಕಾಲಿನ ಹೆಬ್ಬೆರಳಿನ ಗುರುತನ್ನೂ ಇಬ್ಬರು ಸಾಕ್ಷಿಗಳ ಸಮಕ್ಷಮ ಪಡೆಯಬಹುದು. ಅವರಲ್ಲಿ ಒಬ್ಬನು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಈ ನಿಯಮದ ಕಾರಣದಿಂದ, ಮುಂಬಯಿಯ ಎಷ್ಟೋ ಮನೆಗಳ ಒಳಕೋಣೆಗಳನ್ನು ನಾನು ಮಸಿಪ್ಯಾಡು ಹಿಡಿದುಕೊಂಡು ಹೊಕ್ಕು ಬಂದಿದ್ದೇನೆ.

ಅಂಥದೊಂದು ಮನೆಯಲ್ಲಿ, ಮಾತು ನಿಂತುಹೋಗಿದ್ದ ವೃದ್ಧರೊಬ್ಬರ ಪಾದವನ್ನು ನಾನು ನೇರವಾಗಿ ಹಿಡಿಯಹೋದಾಗ, ಅಲ್ಲಿದ್ದ ದಾದಿ ನನ್ನನ್ನು ತಡೆದಳು. ಅವರ ಕಿವಿಯ ಬಳಿ ಬಾಗಿ, “ಬ್ಯಾಂಕಿನ ಸಾಹೇಬರು ಬಂದಿದ್ದಾರೆ, ನಿಮ್ಮ ಕಾಲು ಮುಟ್ಟುತ್ತಾರೆ, ಮಸಿ ತಣ್ಣಗಿರುತ್ತದೆ” ಎಂದು ಹೇಳಿ, ಆಮೇಲೆ ನನಗೆ ಅನುಮತಿ ಕೊಟ್ಟಳು. ಗುರುತು ಪಡೆದ ಬಳಿಕ ಮಸಿಯನ್ನು ತಾನೇ ಒರೆಸಿದಳು. ಆ ದಿನ ಇದು ವೇಳೆ ಹಾಳುಮಾಡುವ ಉಪಚಾರವೆಂದು ನನಗೆ ತೋರಿತ್ತು. ಅದರ ಅರ್ಥವಾದದ್ದು ಮೂರು ವರ್ಷಗಳ ಹಿಂದೆ, ನನ್ನ ತಾಯಿ ನಮ್ಮ ಮನೆಯಲ್ಲಿಯೇ ಹಾಸಿಗೆ ಹಿಡಿದಾಗ.

ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ಪದವೀಧರ. ಆರೋಗ್ಯ ವಿಭಾಗಕ್ಕೆ ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಒಪ್ಪಿಕೊಂಡದ್ದು, ಆ ದಿನಗಳಲ್ಲಿ ತಿಳಿಯಬೇಕಾಗಿದ್ದು ತಡವಾಗಿ ತಿಳಿದುಬಂದ ಕೆಲವು ಸಂಗತಿಗಳನ್ನು ನಮ್ಮವರ ಮುಂದೆ ಇಡಬೇಕೆಂಬ ಕಾರಣದಿಂದ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರುವತ್ತು ದಾಟಿದವರ ಸಂಖ್ಯೆ 10 ಕೋಟಿ 38 ಲಕ್ಷ. ಅಂದಿನಿಂದ ಅದು ಏರುತ್ತಲೇ ಬಂದಿದೆ. ಊರು ಬಿಟ್ಟು ಬಂದ ನಮ್ಮಂಥವರ ಸಮಸ್ಯೆ ಇನ್ನೊಂದು ಬಗೆಯದು. ಊರಿನಲ್ಲಿ ತಂದೆ ತೀರಿಕೊಳ್ಳುತ್ತಾರೆ. ತಾಯಿಯನ್ನು ಹುಬ್ಬಳ್ಳಿಯಿಂದಲೋ ಉಡುಪಿಯಿಂದಲೋ ಇಲ್ಲಿಗೆ ಕರೆತರುತ್ತೇವೆ. ಎರಡು ಕೋಣೆಗಳ ಮನೆ, ಲೋಕಲ್ ಗಾಡಿಯಲ್ಲಿ ದಿನಕ್ಕೆ ಮೂರು ತಾಸಿನ ಪ್ರವಾಸ, ಗಂಡಹೆಂಡಿರಿಬ್ಬರಿಗೂ ನೌಕರಿ. ಮುಪ್ಪು ನಡೆದಾಡುತ್ತಿರುವವರೆಗೆ ಸಂಸಾರ ಹೇಗೋ ಸಾಗುತ್ತದೆ. ಅದು ಮಲಗಿತೆಂದರೆ ಹೊರಗಿನವರ ಕೈ ಬೇಕೇ ಬೇಕಾಗುತ್ತದೆ.

ನನ್ನ ತಾಯಿ ಧಾರವಾಡದವರು, ಎಪ್ಪತ್ತೊಂಬತ್ತು ವಯಸ್ಸು. ಅರ್ಬುದ ರೋಗವು ಯಕೃತ್ತಿಗೆ ವ್ಯಾಪಿಸಿದೆಯೆಂದು ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಗೊತ್ತಾಯಿತು. “ಇನ್ನು ನಾವು ಮಾಡುವಂಥದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ” ಎಂದರು. ಆ ಒಂದು ವಾಕ್ಯದ ಮೊದಲರ್ಧ ಸತ್ಯವಲ್ಲವೆಂದು ತಿಳಿಯಲು ನನಗೆ ಮೂರು ವಾರ ಹಿಡಿಯಿತು. ಆ ಮೂರು ವಾರ ಅವ್ವ ನೋವನ್ನು ತಿಂದಳು. ರೋಗವನ್ನು ವಾಸಿಮಾಡಲಾಗದಿದ್ದಾಗಲೂ ಮಾಡುವಂಥದು ಬಹಳ ಇರುತ್ತದೆ. ಅದಕ್ಕೆಂದೇ ಒಂದು ಶಾಸ್ತ್ರವಿದೆ. ಅದನ್ನು ಉಪಶಮನ ಚಿಕಿತ್ಸೆ ಎನ್ನುತ್ತಾರೆ.

ಈ ಶಾಸ್ತ್ರದ ಮೂಲದಲ್ಲಿ ಒಬ್ಬ ದಾದಿ ಇದ್ದಾಳೆಂಬುದು ಗಮನಾರ್ಹ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿ ತರಬೇತು ಹೊಂದಿ, ಬೆನ್ನುನೋವಿನಿಂದ ಆ ವೃತ್ತಿಯನ್ನು ಬಿಟ್ಟು, ಆಸ್ಪತ್ರೆಯಲ್ಲಿ ಸಮಾಜಸೇವಕಿಯಾದರು. 1948ರಲ್ಲಿ ಅರ್ಬುದದಿಂದ ಸಾಯುತ್ತಿದ್ದ ಪೋಲೆಂಡಿನ ನಿರಾಶ್ರಿತನೊಬ್ಬನು, ಆಕೆ ಮುಂದೆ ಕಟ್ಟಲಿರುವ ಆಶ್ರಯಧಾಮಕ್ಕೆ ತಾನೊಂದು ಕಿಟಕಿಯಾಗುವೆನೆಂದು 500 ಪೌಂಡು ಬಿಟ್ಟುಹೋದನು. ಆ ಬಳಿಕ ಆಕೆ ವೈದ್ಯಕೀಯ ಕಲಿತು, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೊಫರ್ಸ್ ಧಾಮವನ್ನು ತೆರೆದರು. ನೋವೆಂಬುದು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಕೂಡ ಎಂಬುದು ಅವರ ಮುಖ್ಯ ಪ್ರತಿಪಾದನೆ. ನಮ್ಮ ದೇಶದ ಮೊದಲ ಇಂಥ ಧಾಮ ಇದೇ ಮುಂಬಯಿಯ ಬಾಂದ್ರಾದಲ್ಲಿ, 1986ರಲ್ಲಿ, ಶಾಂತಿ ಆವೇದನಾ ಸದನವೆಂಬ ಹೆಸರಿನಿಂದ ಆರಂಭವಾಯಿತು. ಕೇರಳದ ಕಲ್ಲಿಕೋಟೆಯಲ್ಲಿ 1993ರಿಂದ ನಡೆದ ಪ್ರಯತ್ನವು ಮನೆಮನೆಗೆ ದಾದಿಯನ್ನು ಕಳಿಸುವ ವ್ಯವಸ್ಥೆಯಾಗಿ ಬೆಳೆದು, 2008ರಲ್ಲಿ ಆ ರಾಜ್ಯ ಸರಕಾರದ ಧೋರಣೆಯೇ ಆಯಿತು. ಬೆಂಗಳೂರಿನಲ್ಲಿ ಕರುಣಾಶ್ರಯವಿದೆ, ಅಲ್ಲಿ ರೋಗಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ.

ನೋವಿನ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕು. ತೀವ್ರವಾದ ಅರ್ಬುದ ನೋವಿಗೆ ಬಾಯಿಯಿಂದ ಕೊಡುವ ಮಾರ್ಫಿನ್ ಅತ್ಯಂತ ಉಪಯುಕ್ತವೂ ಅಗ್ಗವೂ ಆದ ಔಷಧ. ಅದು ಅಫೀಮಿನಿಂದ ಬರುತ್ತದೆ. ಅಫೀಮನ್ನು ಬೆಳೆಯುವ ದೇಶ ನಮ್ಮದು. ಆದರೆ 1985ರ ಮಾದಕದ್ರವ್ಯ ಕಾನೂನಿನ ಬಿಗಿಯಿಂದಾಗಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ಹೆದರಿದವು. 2014ರ ತಿದ್ದುಪಡಿಯಿಂದ ನಿಯಮ ಸಡಿಲವಾಯಿತಾದರೂ ಹೆದರಿಕೆ ಪೂರ್ತಿ ಹೋಗಿಲ್ಲ. ನಾನೂ ಹೆದರಿದವನೇ. “ಚಟ ಹತ್ತಿತೇ?” ಎಂದು ವೈದ್ಯರನ್ನು ಕೇಳಿದ್ದೆ, ಎಷ್ಟು ದಿನ ಉಳಿಯುವರೋ ತಿಳಿಯದ ತಾಯಿಯ ಬಗ್ಗೆ ಆ ಪ್ರಶ್ನೆ ಕೇಳಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ನೋವಿಗಾಗಿ ತಜ್ಞರ ಪ್ರಮಾಣದಂತೆ ಕೊಡುವ ಮಾರ್ಫಿನ್ ರೋಗಿಯನ್ನು ವ್ಯಸನಿಯನ್ನಾಗಿ ಮಾಡುವ ಸಂಭವ ತೀರ ಕಡಿಮೆ. ನೋವು ಬಂದಾಗ ಕೊಡುವುದಲ್ಲ, ಬರುವ ಮುನ್ನವೇ ಗಡಿಯಾರ ನೋಡಿ ಕೊಡುವುದು ಕ್ರಮ. ಅದರಿಂದ ಮಲಬದ್ಧತೆ ಬಹುಮಟ್ಟಿಗೆ ತಪ್ಪದು. ಆದ್ದರಿಂದ ಜೊತೆಯಲ್ಲಿಯೇ ಅದಕ್ಕೂ ಔಷಧ ಕೇಳಿ ಪಡೆಯಬೇಕು.

ಅವ್ವನಿಗೆ ರಾತ್ರಿಯ ಪಾಳಿಗೆ ಬ್ಯೂರೋದಿಂದ ಒಬ್ಬ ದಾದಿ ಬರತೊಡಗಿದಳು. ಮರಾಠಿ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು ಆಕೆಯ ಮೊದಲ ನಿಯಮ. ಒಂದೇ ಭಂಗಿಯಲ್ಲಿ ಮಲಗಿದವರ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ, ಹೆಗಲೆಲುಬಿನಲ್ಲಿ, ತಲೆಯ ಹಿಂಭಾಗದಲ್ಲಿ ಎಲುಬು ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಲ್ಪಟ್ಟು ರಕ್ತಸಂಚಾರ ನಿಂತು ಹುಣ್ಣಾಗುತ್ತದೆ. ಕೆಂಪಾದ ಜಾಗವನ್ನು ನಾನು ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆಂದು ಆಕೆ ಬಿಡಿಸಿದಳು. ಅವ್ವನನ್ನು ಹಾಸಿಗೆಯ ಮೇಲೆ ಎಳೆಯಬಾರದು, ಅಡಿಯ ಚಾದರ ಸಹಿತ ಇಬ್ಬರು ಎತ್ತಿ ಸರಿಸಬೇಕು ಎಂಬುದನ್ನು ನನಗೂ ಮಗನಿಗೂ ಕಲಿಸಿದಳು.

ಅನ್ನದ ವಿಷಯದಲ್ಲಿ ನಮ್ಮ ಮನೆಯಲ್ಲಿ ಜಗಳವೇ ಆಯಿತು. ಅವ್ವ ಎರಡು ಚಮಚ ಗಂಜಿಯ ನಂತರ ಬಾಯಿ ಮುಚ್ಚುತ್ತಿದ್ದಳು. ಊರಿನಿಂದ ಬಂದ ನನ್ನ ಅಕ್ಕ, “ಉಪವಾಸ ಕೆಡವಿ ಕೊಲ್ಲಾಕ ಹತ್ತೀರೇನೋ?” ಎಂದು ಅತ್ತಳು. ಆದರೆ ಸಂಗತಿ ತಿರುಗುಮುರುಗಾಗಿದೆ. ಊಟ ಬಿಟ್ಟದ್ದರಿಂದ ಸಾವು ಬರುವುದಿಲ್ಲ. ಸಾವು ಸಮೀಪಿಸಿದ್ದರಿಂದ ದೇಹವು ಊಟವನ್ನು ಬಿಡುತ್ತದೆ. ನುಂಗುವ ಶಕ್ತಿ ಇಲ್ಲದವರ ಬಾಯಿಗೆ ಒತ್ತಾಯದಿಂದ ಹಾಕಿದ್ದು ಶ್ವಾಸಕೋಶಕ್ಕೆ ಇಳಿದು ಹೊಸ ಯಾತನೆಗೆ ಕಾರಣವಾಗುತ್ತದೆ. ಮಾಡಬೇಕಾದದ್ದು ಇಷ್ಟೇ: ಒದ್ದೆ ಅರಳೆಯಿಂದ ತುಟಿ, ನಾಲಿಗೆಗಳನ್ನು ಆಗಾಗ ತೇವವಾಗಿಡುವುದು. ಆ ಕೆಲಸವನ್ನು ದಾದಿ ಅಕ್ಕನ ಕೈಗೇ ಕೊಟ್ಟಳು. ಅಕ್ಕನ ಅಳು ಅಲ್ಲಿಗೆ ನಿಂತಿತು.

ಕೊನೆಯ ಎರಡು ದಿನಗಳ ಲಕ್ಷಣಗಳನ್ನೂ ಆಕೆ ಮುಂಚಿತವಾಗಿಯೇ ತಿಳಿಸಿದ್ದಳು. ಕೈಕಾಲು ತಣ್ಣಗಾಗುವುದು, ಚರ್ಮದ ಮೇಲೆ ನೀಲಿ ಮಚ್ಚೆಗಳು ಮೂಡುವುದು, ಉಸಿರು ಕೆಲಹೊತ್ತು ನಿಂತು ಮತ್ತೆ ಜೋರಾಗಿ ಆರಂಭವಾಗುವುದು, ಗಂಟಲಲ್ಲಿ ಗೊರಗೊರ ಸಪ್ಪಳ. ಈ ಸಪ್ಪಳ ನೋಡುವವರಿಗೆ ಭಯಂಕರ. ಎಚ್ಚರ ತಪ್ಪಿದ ರೋಗಿಗೆ ಅದರಿಂದ ಬಾಧೆಯಾಗುವುದಿಲ್ಲವೆಂದು ತಿಳಿದವರು ಹೇಳುತ್ತಾರೆ. ಇದು ಮೊದಲೇ ಗೊತ್ತಿದ್ದುದರಿಂದಲೇ ನಾವು ಕೊನೆಯ ಗಳಿಗೆಯಲ್ಲಿ ಅಂಬ್ಯುಲೆನ್ಸಿಗಾಗಿ ಓಡಲಿಲ್ಲ. ಕಿವಿ ಬಹಳ ಹೊತ್ತಿನವರೆಗೆ ಕೇಳುತ್ತಿರಬಹುದು, ಆದುದರಿಂದ ಮಾತನಾಡುತ್ತಿರಿ ಎಂದೂ ಆಕೆ ಹೇಳಿದ್ದಳು.

ಇಲ್ಲಿ ನಮ್ಮಂಥ ಪರಸ್ಥಳದ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದಿದೆ. ಇಳಿವಯಸ್ಸಿನಲ್ಲಿ, ಅದರಲ್ಲೂ ಮತಿ ಮಬ್ಬಾದಾಗ, ಅನೇಕರಲ್ಲಿ ನಡುವೆ ಕಲಿತ ಭಾಷೆಗಳು ಜಾರಿಹೋಗಿ ತಾಯಿನುಡಿಯೊಂದೇ ಉಳಿಯುತ್ತದೆ. ಆರು ವರ್ಷಗಳಲ್ಲಿ ತರಕಾರಿಯವಳೊಡನೆ ಮರಾಠಿ ಕಲಿತಿದ್ದ ಅವ್ವ ಅದನ್ನು ಪೂರ್ಣ ಮರೆತಳು. ನನ್ನ ಪತ್ನಿ ಒಂದು ಹಾಳೆಯ ಮೇಲೆ ನಾಗರಿ ಲಿಪಿಯಲ್ಲಿ ನೀರು, ನೋವು, ಬ್ಯಾಡ, ಸಾಕು, ಮಗ್ಗಲು, ಚಳಿ ಎಂಬ ಶಬ್ದಗಳನ್ನು ಅರ್ಥಸಹಿತ ಬರೆದು ದಾದಿಗೆ ಕೊಟ್ಟಳು. ಆಕೆ ಅದನ್ನು ಗೋಡೆಗೆ ಅಂಟಿಸಿಕೊಂಡಳು. ನಮ್ಮ ಸಂಘದ ಸದಸ್ಯರಲ್ಲಿ ಬಿಡುವುಳ್ಳ ನಾಲ್ಕಾರು ಜನ, ಆಸ್ಪತ್ರೆಯಲ್ಲಿರುವ ಕನ್ನಡದ ವೃದ್ಧರ ಬಳಿ ವಾರಕ್ಕೊಂದು ತಾಸು ಕುಳಿತು ಬರುವ ಏರ್ಪಾಡಾದರೆ, ರಾಜ್ಯೋತ್ಸವದ ಶಾಮಿಯಾನಾದ ಖರ್ಚಿಗಿಂತ ಅದು ಕಡಿಮೆಯದೇ ಆದೀತು.

ನಲವತ್ತೊಂದನೆಯ ರಾತ್ರಿ, ಬೆಳಗಿನ ನಾಲ್ಕೂವರೆಗೆ ಆಕೆ ನಮ್ಮನ್ನು ಎಬ್ಬಿಸಿದಳು. ನಾವೆಲ್ಲರೂ ಹತ್ತಿರವಿದ್ದಂತೆಯೇ ಅವ್ವನ ಉಸಿರು ನಿಂತಿತು. ದಾದಿ ಕಣ್ಣು ಮುಚ್ಚಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಮೈ ಒರೆಸಿ, ತಲೆ ಬಾಚಿದಳು. “ಆಜಿ, ಈಗ ಸೀರೆ ಉಡಿಸುತ್ತೇನೆ” ಎಂದು ಆಗಲೂ ಹೇಳಿಯೇ ಉಡಿಸಿದಳು. ಬಂಧುಗಳು ಬರತೊಡಗಿದಾಗ ಹೊರಗೆ ಲಿಫ್ಟಿನ ಬಳಿ ಹೋಗಿ ನಿಂತಳು. ನಾನು ಹೋಗಿ ನಲವತ್ತೊಂದು ಪಾಳಿಗಳ ಬಾಕಿಯನ್ನು ಲೆಕ್ಕ ಮಾಡಿ, ಎಣಿಸಿ ಕೊಟ್ಟು, ಚೀಟಿಯ ಮೇಲೆ ಸಹಿ ಪಡೆದೆ. ಇಪ್ಪತ್ತು ವರ್ಷಗಳ ಅಭ್ಯಾಸಬಲ. ಆಕೆಯ ಕಣ್ಣು ಕೆಂಪಾಗಿದ್ದುದನ್ನು ಕಂಡೆ, ನಿದ್ದೆಗೆಟ್ಟದ್ದರಿಂದ ಎಂದುಕೊಂಡೆ. ಅದೇ ರಾತ್ರಿ ಎಂಟಕ್ಕೆ ಆಕೆಗೆ ಇನ್ನೊಂದು ಮನೆಯಲ್ಲಿ ಹಾಜರಿ ಇತ್ತು. ವೈಕುಂಠ ಸಮಾರಾಧನೆಗೆ ನೂರಾರು ಜನರಿಗೆ ತಿಳಿಸಿದೆವು. ಆಕೆಗೆ ಹೇಳುವುದು ಯಾರಿಗೂ ಹೊಳೆಯಲಿಲ್ಲ.

ಸಾವಿನ ದುಃಖದ ಬಗ್ಗೆ ಬಹಳ ಗ್ರಂಥಗಳಿವೆ. 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ಮನೋವೈದ್ಯೆ ಹೇಳಿದ ಐದು ಹಂತಗಳು ಪ್ರಸಿದ್ಧ. ಅವು ಸಾಯುತ್ತಿರುವವರ ಮನಃಸ್ಥಿತಿಯನ್ನು ಕುರಿತವು. ಉಳಿದವರ ಶೋಕಕ್ಕೂ ಅವನ್ನು ಕಂತುಗಳಂತೆ ಕ್ರಮವಾಗಿ ಅನ್ವಯಿಸುವ ರೂಢಿ ನಂತರದ್ದು. ನನಗೆ ಹೆಚ್ಚು ನಾಟಿದ್ದು ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ವಿವರಿಸಿದ ವಿಚಾರ: ಸಮಾಜವು ಮಾನ್ಯ ಮಾಡದ ಶೋಕ. ಯಾರ ದುಃಖಕ್ಕೆ ಹಕ್ಕುಪತ್ರವಿಲ್ಲವೋ, ಯಾರನ್ನು ಯಾರೂ ಬಂದು ಸಂತೈಸುವುದಿಲ್ಲವೋ ಅಂಥವರ ಶೋಕ. ದಾದಿಯದು ಅದೇ ಜಾತಿಯದು. ವಾರ್ಡಿನಲ್ಲಿ ಹಾಸಿಗೆ ಖಾಲಿಯಾದ ಕೆಲವೇ ತಾಸಿನಲ್ಲಿ ಹೊಸ ರೋಗಿ ಬಂದು ಮಲಗುತ್ತಾನೆ. ಆಕೆಗೆ ಸೂತಕವಿಲ್ಲ, ರಜೆಯಿಲ್ಲ. ಅತ್ತರೆ ವೃತ್ತಿಗೆ ತಕ್ಕವಳಲ್ಲವೆಂಬ ಮಾತು ಬೇರೆ. ಹೀಗೆ ನುಂಗಿದ ದುಃಖವು ದಣಿವಾಗಿ, ಸಿಡುಕಾಗಿ, ಕಡೆಗೆ ಮರಗಟ್ಟಿದ ಮನಸ್ಸಾಗಿ ಹೊರಬೀಳುತ್ತದೆ. ನಾವು ದೂರುವ ಎಷ್ಟೋ ‘ಒರಟು ನರ್ಸು’ಗಳ ಹಿಂದೆ ಇದು ಇರಬಹುದು.

ಈ ಸಂಬಂಧ ಎಷ್ಟು ಆಳವಾಗಬಲ್ಲದೆಂಬುದಕ್ಕೆ ಮುಂಬಯಿಯೇ ಸಾಕ್ಷಿ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ, ಪರಳದ ಕೆ. ಇ. ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗ 1973ರ ನವೆಂಬರ್ 27ರಂದು ನಡೆದ ಘೋರ ಆಕ್ರಮಣದಿಂದ ಮಿದುಳಿಗೆ ಹಾನಿಯಾಗಿ, 2015ರ ಮೇ 18ರವರೆಗೆ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಹತ್ತಿರ ಹತ್ತಿರ ನಲವತ್ತೆರಡು ವರ್ಷ. ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು, ಶಯ್ಯಾವ್ರಣವಾಗಗೊಡಲಿಲ್ಲ. ಜೀವರಕ್ಷಕ ಉಪಚಾರ ನಿಲ್ಲಿಸಬೇಕೆಂಬ ಅರ್ಜಿ ಸುಪ್ರೀಮ್ ಕೋರ್ಟಿಗೆ ಹೋದಾಗ ಅವರು ವಿರೋಧಿಸಿದರು. 2011ರ ಮಾರ್ಚ್ 7ರಂದು ನ್ಯಾಯಾಲಯವು ಆ ಅರ್ಜಿಯನ್ನು ಒಪ್ಪಲಿಲ್ಲ. ಅಂಥ ಬದುಕನ್ನು ಉಳಿಸಬೇಕಾಗಿತ್ತೇ ಎಂಬ ಬಗ್ಗೆ ನನ್ನ ಮನಸ್ಸು ಇನ್ನೂ ಒಂದು ಕಡೆ ನಿಲ್ಲುವುದಿಲ್ಲ. ಆದರೆ ಅವರು ತೀರಿಕೊಂಡಾಗ ಆ ದಾದಿಯರು ಅತ್ತದ್ದು ತಮ್ಮ ಮನೆಯವಳಿಗಾಗಿ ಎಂಬುದರಲ್ಲಿ ಸಂದೇಹವಿಲ್ಲ.

ಅದೇ ಪ್ರಕರಣದಿಂದ ಹೊರಟ ಚರ್ಚೆ ಮುಂದುವರಿದು, 2018ರ ಮಾರ್ಚ್ 9ರಂದು ಸಂವಿಧಾನ ಪೀಠವು ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯ ಮಾಡಿತು. ತನಗೆ ಗುಣವಾಗುವ ಆಸೆ ಇಲ್ಲದಾಗ ಯಂತ್ರಗಳಿಂದ ಜೀವ ಹಿಡಿದಿಡಬಾರದೆಂದು, ಬುದ್ಧಿ ಸ್ಥಿರವಿರುವಾಗಲೇ ಬರೆದಿಡಬಹುದು. 2023ರ ಜನವರಿಯ ತಿದ್ದುಪಡಿಯ ಮೇಲೆ ಇದಕ್ಕೆ ಇಬ್ಬರು ಸಾಕ್ಷಿಗಳು ಹಾಗೂ ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಬ್ಯಾಂಕಿನವನಾಗಿ ಇನ್ನೊಂದು ಮಾತು ಸೇರಿಸುತ್ತೇನೆ: ಖಾತೆಗಳಿಗೆ ನಾಮನಿರ್ದೇಶನವನ್ನು ಕೈ ನಡುಗುವ ಮುನ್ನವೇ ಮಾಡಿಸಿರಿ. ನನ್ನ ತಾಯಿಯ ಖಾತೆಗೇ ಅದು ಆಗಿರಲಿಲ್ಲ!

ವರ್ಷಾಂತಿಕದ ದಿನ ಪತ್ನಿಯ ಒತ್ತಾಯದಿಂದ ಬ್ಯೂರೋಕ್ಕೆ ಫೋನು ಮಾಡಿ ಆ ದಾದಿಯನ್ನು ಕರೆಯಿಸಿದೆವು. ಎರಡು ಪಾಳಿಗಳ ನಡುವೆ ಬಿಡುವು ಮಾಡಿಕೊಂಡು ಬಂದಳು. ಊಟವಾದ ಮೇಲೆ ಅವ್ವನ ಭಾವಚಿತ್ರದ ಎದುರು ಸ್ವಲ್ಪ ಹೊತ್ತು ಕುಳಿತಿದ್ದು, ನನ್ನನ್ನು ಕೇಳಿದಳು: “ಆಜಿ ರಾತ್ರಿ ಹೊತ್ತು ಒಂದು ಮಾತನ್ನು ಮತ್ತೆ ಮತ್ತೆ ಅನ್ನುತ್ತಿದ್ದರು. ಅದು ನಿಮ್ಮ ಹಾಳೆಯಲ್ಲಿರಲಿಲ್ಲ. ‘ಬಾಗಲಾ ತಗಿ’. ಅಂದರೇನು?”

ಬಾಗಿಲು ತೆರೆ ಎಂದು ಅರ್ಥ ಹೇಳಿದೆ.

“ನಾನು ಪ್ರತಿ ಸಲವೂ ನೀರು ಕೊಟ್ಟೆ” ಎಂದಳು ಆಕೆ.