ಎಲ್ಲಾ ಕೆಲಸ ವಿಜರ್ಡ್ ಮಾಡಿದ್ರೆ ಫೈಟರ್ ಏನ್ಮಾಡ್ಬೇಕು?

ಇವತ್ತಿನ ಎಪಿಸೋಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋರಿಗೆ, ಆಡ್ಬೇಕು ಅಂತಿರೋರಿಗೆ. ಗೊತ್ತಿಲ್ಲದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ: ನಾಲ್ಕೈದು ಜನ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ತಗೊಂಡು, ದಾಳ ಉರುಳಿಸ್ತಾ ಕಥೆ ಕಟ್ಟೋ ಆಟ ಇದು. ಕಥೆ ನಡೆಸೋರು ಡಂಜನ್ ಮಾಸ್ಟರ್, ಅಂದ್ರೆ ಡಿಎಂ.

ಪ್ರತಿ ಪಾತ್ರಕ್ಕೂ ಒಂದು ಕ್ಲಾಸ್ ಇರುತ್ತೆ. ಫೈಟರ್ ಕತ್ತಿ ಬೀಸ್ತಾನೆ. ವಿಜರ್ಡ್ ಮಂತ್ರ ಹಾಕ್ತಾನೆ. ರೋಗ್ ಬೀಗ ತೆಗೀತಾನೆ (ಕಾಯಿಲೆ ಅಲ್ಲ, ಚಾಲಾಕಿ ಕಳ್ಳ!).

ತಕರಾರು ಐದನೇ ಲೆವೆಲ್‌ನಲ್ಲಿ ಜೋರಾಗುತ್ತೆ. ಫೈಟರ್‌ಗೆ ಆಗ ಒಂದು ಸರದಿಗೆ ಎರಡು ಏಟು. ಲಾಂಗ್‌ಸ್ವೋರ್ಡ್, 4ರ ಶಕ್ತಿ ಬೋನಸ್ ಅಂತಿಟ್ಕೊಳ್ಳಿ: ಎರಡೂ ತಗುಲಿದ್ರೆ ಸರಾಸರಿ 17 ಡ್ಯಾಮೇಜ್. ಅದೇ ಲೆವೆಲ್‌ನಲ್ಲಿ ವಿಜರ್ಡ್‌ಗೆ ಫೈರ್‌ಬಾಲ್ ಸಿಗುತ್ತೆ. ಆರು ಮುಖದ ಎಂಟು ದಾಳ, ಸರಾಸರಿ 28. ಅದೂ ಒಬ್ಬನಿಗಲ್ಲ, 20 ಅಡಿ ಸುತ್ತಳತೆಯಲ್ಲಲ್ಲ, 20 ಅಡಿ ತ್ರಿಜ್ಯದೊಳಗೆ ಇರೋ ಎಲ್ಲರಿಗೂ! ತಪ್ಪಿಸ್ಕೊಂಡವನಿಗೂ ಅರ್ಧ ಪೆಟ್ಟು ಗ್ಯಾರಂಟಿ. ನಾಲ್ಕು ಜನ ಶತ್ರುಗಳು ಒಟ್ಟಿಗೆ ನಿಂತಿದ್ರೆ ಲೆಕ್ಕ ನೀವೇ ಹಾಕಿ.

ಹೀಗೆ ವಾರಗಟ್ಟಲೆ ನಡೆದ್ರೆ ಫೈಟರ್ ಆಡ್ತಿರೋ ಗೆಳೆಯ ತನ್ನ ಸರದಿ ಬರೋವರೆಗೂ ರೀಲ್ಸ್ ನೋಡ್ತಾನೆ. ಆಮೇಲೆ ಆಟಕ್ಕೇ ಬರಲ್ಲ. ಬ್ಯಾಲೆನ್ಸ್ ಅನ್ನೋದು ಬರೀ ಗಣಿತ ಅಲ್ಲ, ಟೇಬಲ್ ಉಳಿಯುತ್ತಾ ಇಲ್ವಾ ಅನ್ನೋ ಪ್ರಶ್ನೆ.

ಇದು ಹಳೇ ತಲೆನೋವು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ ಮಾಡಿದ 1974ರ ಮೊದಲ ಆಟದಲ್ಲಿ ಮಾಂತ್ರಿಕನಿಗೆ ಶುರುವಲ್ಲಿ ದಿನಕ್ಕೆ ಒಂದೇ ಮಂತ್ರ. ಎರಡನೇ ಲೆವೆಲ್‌ಗೆ ಹೋಗೋಕೆ ಫೈಟರ್‌ಗೆ 2000 ಅನುಭವ ಪಾಯಿಂಟ್ ಸಾಕಿತ್ತು, ಮಾಂತ್ರಿಕನಿಗೆ 2500 ಬೇಕಿತ್ತು. 2000ದ ಮೂರನೇ ಆವೃತ್ತಿ ಎಲ್ಲರಿಗೂ ಒಂದೇ ಪಟ್ಟಿ ಕೊಡ್ತು, ಮೇಲಿನ ಲೆವೆಲ್‌ಗಳಲ್ಲಿ ಮಾಂತ್ರಿಕರದ್ದೇ ರಾಜ್ಯಭಾರ ಆಯ್ತು. 2008ರ ನಾಲ್ಕನೇ ಆವೃತ್ತಿ ಎಲ್ಲಾ ಕ್ಲಾಸ್‌ಗೂ ಹೆಚ್ಚುಕಮ್ಮಿ ಒಂದೇ ಅಚ್ಚು ಹಾಕ್ತು. ಆಗ ಎಲ್ಲರೂ ಒಂದೇ ಥರ ಇದ್ದಾರೆ ಅನ್ನೋ ದೂರು ಬಂತು.

2014ರ ಐದನೇ ಆವೃತ್ತಿಯ ಉತ್ತರ ಬೇರೆ. ನಾನು ಕಾಮರ್ಸ್ ಓದಿದವನು, ನನಗೆ ಇದು ಬಜೆಟ್ ಥರ ಕಾಣುತ್ತೆ. ನಿಮಗೆ ಡೇಟಾ ಪ್ಯಾಕ್ ಅಂದ್ರೆ ಬೇಗ ಅರ್ಥ ಆಗುತ್ತೆ. ವಿಜರ್ಡ್‌ನ ಸ್ಪೆಲ್ ಸ್ಲಾಟ್ ದಿನದ ಡೇಟಾ ಇದ್ದಂಗೆ, ಖಾಲಿಯಾದ್ರೆ ಮತ್ತೆ ಪೂರ್ತಿ ತುಂಬೋದು ರಾತ್ರಿ ಮಲಗಿದ್ಮೇಲೇ. ಫೈಟರ್‌ನ ಕತ್ತಿ ಅನ್‌ಲಿಮಿಟೆಡ್ ವೈಫೈ.

ಐದನೇ ಲೆವೆಲ್‌ನ ವಿಜರ್ಡ್‌ಗೆ ಫೈರ್‌ಬಾಲ್ ಹಾಕೋ ಸ್ಲಾಟ್ ಎರಡೇ. ನಡುವೆ ಒಂದು ಗಂಟೆ ವಿಶ್ರಾಂತಿ ತಗೊಂಡ್ರೆ ಇನ್ನೊಂದು ವಾಪಸ್ ಬರಬಹುದು. ದಿನಕ್ಕೆ ಒಂದೇ ಜಗಳ ಇದ್ರೆ ಅವನು ಎರಡನ್ನೂ ಅಲ್ಲೇ ಸುರೀತಾನೆ. ಆರು ಜಗಳ ಇದ್ರೆ ಒಂದೊಂದಕ್ಕೂ ಯೋಚಿಸ್ತಾನೆ. ಆ ವರ್ಷದ ಡಂಜನ್ ಮಾಸ್ಟರ್ಸ್ ಗೈಡ್ ದಿನಕ್ಕೆ ಆರರಿಂದ ಎಂಟು ಸಾಧಾರಣ ಅಥವಾ ಕಠಿಣ ಎದುರಾಟಗಳನ್ನ ಲೆಕ್ಕಕ್ಕೆ ಇಟ್ಕೊಂಡಿದೆ. ಒಂದು ಸಂಜೆಯ ಆಟದಲ್ಲಿ ಅಷ್ಟು ಮುಗಿಸೋದು ಕಷ್ಟ, ಒಂದೆರಡು ಆದ್ರೆ ಹೆಚ್ಚು. ಗೋಲ್ಮಾಲ್ ಆಗೋದು ಇಲ್ಲೇ.

ಹಾಗಾಗಿ ಡಿಎಂಗಳೇ, ಫೈರ್‌ಬಾಲ್ ಡ್ಯಾಮೇಜ್ ಕಡಿಮೆ ಮಾಡೋಕೆ ಹೋಗ್ಬೇಡಿ. ವಿಜರ್ಡ್ ಆಡೋರಿಗೂ ಖುಷಿ ಬೇಕಲ್ವಾ? ಬದಲಿಗೆ ಆಟದೊಳಗಿನ ಒಂದು ದಿನವನ್ನ ಎರಡು-ಮೂರು ಸಂಜೆಗೆ ಎಳೀರಿ. ಸೆಷನ್ ಮುಗೀತು ಅಂದ ಮಾತ್ರಕ್ಕೆ ಪಾತ್ರಗಳು ನಿದ್ದೆ ಮಾಡ್ಬೇಕು ಅಂತೇನಿಲ್ಲ. ಅದೇ ಗೈಡ್‌ನಲ್ಲಿ ದೀರ್ಘ ವಿಶ್ರಾಂತಿಗೆ ಏಳು ದಿನ ಬೇಕು ಅನ್ನೋ ಐಚ್ಛಿಕ ನಿಯಮವೂ ಇದೆ. ಇಲ್ಲಾಂದ್ರೆ ಕಥೆಗೆ ಗಡುವು ಹಾಕಿ: ಬೆಳಗಾಗೋದ್ರೊಳಗೆ ಬಂಧಿಯನ್ನ ಬಿಡಿಸ್ಬೇಕು ಅಂದ್ರೆ ಯಾರೂ ಮಲಗಲ್ಲ.

ಜಗಳದ ಆಚೆಗೂ ಗಮನ ಇರ್ಲಿ. ನಾಕ್ ಅನ್ನೋ ಮಂತ್ರ ಬೀಗ ತೆಗೆಯುತ್ತೆ, ಆದ್ರೆ 300 ಅಡಿ ದೂರಕ್ಕೆ ಕೇಳೋ ಸದ್ದು ಮಾಡುತ್ತೆ. ರೋಗ್ ಸದ್ದಿಲ್ಲದೆ ತೆಗೀತಾನೆ. ಆ ಸದ್ದಿಗೆ ಕಾವಲುಗಾರರನ್ನ ಕರೆಸಿ. ಮರೆತುಬಿಟ್ರೆ ರೋಗ್ ಆಡ್ತಿರೋರಿಗೆ ಕೆಲಸ ಇರಲ್ಲ.

ಮುಂದಿನ ಸೆಷನ್‌ನಲ್ಲಿ ಒಂದು ಲೆಕ್ಕ ಇಡಿ: ಎರಡು ದೀರ್ಘ ವಿಶ್ರಾಂತಿಗಳ ನಡುವೆ ಎಷ್ಟು ಜಗಳ ಆಯ್ತು? ಒಂದೇ ಅಂತ ಬಂದ್ರೆ, ಫೈಟರ್ ಗೆಳೆಯ ಯಾಕೆ ಫೋನ್ ತೆಗೀತಿದ್ದ ಅನ್ನೋದು ಗೊತ್ತಾಗುತ್ತೆ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.