ಹೆಬ್ಬೂರಿನವನ ಕಣ್ಣಿಗೆ ಬಿದ್ದ ಉಪ್ಪುನೀರ ಭತ್ತ

ಭತ್ತ, ಅದೂ ಉಪ್ಪುನೀರಿನಲ್ಲಿ! ತುಮಕೂರು ಸೀಮೆಯ ನಮ್ಮ ಹೆಬ್ಬೂರಿನ ಕಡೆ ಬೋರ್‌ವೆಲ್ ನೀರು ಒಂದಿಷ್ಟು ಸವುಳಾದರೆ ಸಾಕು, ತೆಂಗಿನ ತೋಟದ ಯಜಮಾನರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಕುಮಟಾ ಪಕ್ಕದ ಮಾಣಿಕಟ್ಟಾದಲ್ಲಿ ಸಮುದ್ರವೇ ಗದ್ದೆಯ ಬಾಗಿಲು ತಟ್ಟುತ್ತದೆ, ಬೆಳೆ ಮಾತ್ರ ಎದೆಯುದ್ದ ನಿಂತಿರುತ್ತದೆ. ಅದರ ಹೆಸರು ಕಗ್ಗ. ಕೇರಳದ ಪೊಕ್ಕಾಳಿಗೂ ಗೋವಾದ ಕೊರ್ಗುಟ್‌ಗೂ ಇದು ದಾಯಾದಿ. ಆದರೂ ನಮ್ಮದೇ ರಾಜ್ಯದ ಈ ತಳಿಯ ಹೆಸರನ್ನು ನಮ್ಮೂರಲ್ಲಿ ಎಷ್ಟು ಜನ ಕೇಳಿದ್ದೇವೆ?

ಈ ಗದ್ದೆಗಳಿರುವುದು ಅಘನಾಶಿನಿ ಹೊಳೆಯ ದಂಡೆಯಲ್ಲಿ. ಹೊಳೆ ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಒಂದು ಅಣೆಕಟ್ಟಿಗೂ ಸಿಕ್ಕದೆ ತದಡಿಯ ಹತ್ತಿರ ಕಡಲು ಸೇರುತ್ತದೆ. ಸೇರುವ ಮೊದಲು ಹೊಳೆ ಹರಡಿಕೊಂಡು ಅಳಿವೆಯಾಗುತ್ತದೆ. ಆ ಅಳಿವೆಯ ನಡುವೆ ಮಾಸೂರು ಕುರ್ವೆ, ಐಗಳಕುರ್ವೆಯಂಥ ನಡುಗಡ್ಡೆಗಳು. ಸುತ್ತ ನೀರು, ಒಳಗೆ ತೆಂಗು, ಮನೆ, ದೇವಸ್ಥಾನ. ದಂಡೆಯುದ್ದಕ್ಕೂ ಗಜನಿ ಬಯಲು, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು. 2024ರ ಜನವರಿಯಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು, 4,801 ಹೆಕ್ಟೇರ್!

ಬೇಸಾಯವೋ, ಕೇಳಿದರೆ ಬೆರಗು. ಬೇಸಿಗೆಯ ಕೊನೆಗೆ ಒಣಗಿದ ಗಜನಿಯ ಮಣ್ಣು ಕೆದಕಿ ಸಣ್ಣ ಸಣ್ಣ ಗುಪ್ಪೆ ಮಾಡುತ್ತಾರೆ. ಮಳೆ ಹಿಡಿದು ಗುಪ್ಪೆಯ ಉಪ್ಪು ಇಳಿದ ಮೇಲೆ ಮೊಳಕೆ ಕಟ್ಟಿದ ಬೀಜ ಬೀರುತ್ತಾರೆ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ನೆರೆ ಬಂದು ದಿನಗಟ್ಟಲೆ ಮುಳುಗಿಸಿದರೂ ಕಗ್ಗ ಕೊಳೆಯದೆ ಮತ್ತೆ ತಲೆ ಎತ್ತುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಮನೆಗೆ, ಹುಲ್ಲು ಗದ್ದೆಗೇ. ಆಮೇಲೆ ಒಡ್ಡಿನ ತೂಬುಬಾಗಿಲು, ಜಂತ್ರಡಿ, ಎತ್ತಿದರೋ, ಉಬ್ಬರದ ನೀರಿನ ಜೊತೆ ಸಿಗಡಿ, ಮೀನಿನ ಮರಿಗಳು ಒಳಗೆ ನುಗ್ಗುತ್ತವೆ! ಕೊಳೆತ ಹುಲ್ಲೇ ಅವಕ್ಕೆ ಮೇವು, ಅವುಗಳ ಕಸವೇ ಮುಂದಿನ ಭತ್ತಕ್ಕೆ ಗೊಬ್ಬರ. ಒಂದೇ ಗದ್ದೆಯಲ್ಲಿ ಆರು ತಿಂಗಳು ಅನ್ನ, ಆರು ತಿಂಗಳು ಸಾರು.

ಅಲ್ಲಿಯದೇ ಒಂದು ಮನೆಯಲ್ಲಿ ಊಟಕ್ಕೆ ಕೂತೆ. ಕೆಂಪು ಕಗ್ಗದ ಕುಚ್ಚಲಕ್ಕಿ ಅನ್ನ, ದಪ್ಪ ಅಗುಳು, ಒಂದಕ್ಕೊಂದು ಅಂಟದಂತೆ. ಪಕ್ಕದಲ್ಲಿ ಬೆಳಚಿನ ಸುಕ್ಕ. ಬೆಳಚೆಂದರೆ ಅಳಿವೆಯ ಮರಳಲ್ಲಿ ಹುದುಗಿರುವ ಚಿಪ್ಪುಜೀವಿ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದುದ್ದ ನೀರಲ್ಲಿ ನಿಂತು ಕಾಲಿನಿಂದಲೇ ತಡಕಿ ತೆಗೆಯುತ್ತಾರೆ. ತಂದದ್ದನ್ನು ಮರಳು ಬಿಡುವವರೆಗೆ ನೀರಲ್ಲಿಟ್ಟು, ಬೇಯಿಸಿ, ಚಿಪ್ಪು ಬಾಯಿ ಬಿಟ್ಟಾಗ ಕಾಯಿತುರಿ, ಕೆಂಪು ಮೆಣಸು, ಮುರುಗಲ ಹುಳಿ. ಮುದ್ದೆ ನುಂಗಿ ಬೆಳೆದ ನಾಲಗೆ ಒಂದು ಗಳಿಗೆ ತಡಬಡಾಯಿಸಿತು, ಎರಡನೇ ತುತ್ತಿಗೆ ಶರಣಾಯಿತು! ಉಪ್ಪೂ ಇದೇ ಅಳಿವೆಯದು, ಸಾಣಿಕಟ್ಟಾದ ಆಗರದ ಹರಳುಪ್ಪು. ಎಲೆಯ ಮೇಲೆ ಹೊರಗಿನಿಂದ ಬಂದದ್ದು ಮೆಣಸಿನಕಾಯಿ ಒಂದೇ ಇದ್ದೀತು.

ಬಡಿಸುತ್ತಿದ್ದ ಅಮ್ಮನನ್ನು ಕೇಳಿದೆ, ಉಪ್ಪುಮಣ್ಣಲ್ಲಿ ಬೀಜ ಮೊಳೆಯುವುದಾದರೂ ಹೇಗೆ ಅಂತ. “ಹೊಳೆ ಕೆಂಪಾಗಿ ತುಂಬಿ ಬರ್ಬೇಕು ತಮಾ. ಇಲ್ದಿರೆ ಗಜನಿ ಉಪ್ಪು ಹೋಗೂದೇ ಇಲ್ಲ” ಎಂದರು.

ಅಲ್ಲಿಗೆ ನನ್ನ ತುತ್ತು ಅರ್ಧಕ್ಕೆ ನಿಂತಿತು. ಬಯಲುಸೀಮೆಯವರಾದ ನಾವು ಹುಟ್ಟಿದಾಗಿನಿಂದ ಕೇಳಿದ್ದೇನು? ಪಶ್ಚಿಮಕ್ಕೆ ಹರಿಯುವ ನೀರೆಲ್ಲ ಸುಮ್ಮನೆ ಸಮುದ್ರದ ಪಾಲು. ನಮ್ಮ ಹೆಬ್ಬೂರು-ಗೂಳೂರು ಏತ ನೀರಾವರಿಗೆ ಹೇಮಾವತಿ ಬೇಕು, ಸರಿ. ಪಶ್ಚಿಮದ ನೀರನ್ನು ಇತ್ತ ತಿರುಗಿಸುವ 24 ಟಿಎಂಸಿಯ ಎತ್ತಿನಹೊಳೆ ಯೋಜನೆಯ ಪಟ್ಟಿಯಲ್ಲೂ ತುಮಕೂರು ಇದೆ. ಅಘನಾಶಿನಿಯನ್ನೂ ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾವವಿದೆ. ಬಾಯಾರಿದವರು ನಾವು, ನೀರು ಬೇಡ ಎನ್ನಲು ನನಗೂ ಬಾಯಿ ಬರುವುದಿಲ್ಲ. ಆದರೆ ಪೋಲಾಗುತ್ತಿದೆ ಎಂದುಕೊಂಡ ಆ ಸಿಹಿನೀರೇ ಇಲ್ಲಿ ಗದ್ದೆ ತೊಳೆಯುತ್ತದೆ, ಉಪ್ಪು-ಸಿಹಿಯ ಹದ ಕಾಯ್ದು ಬೆಳಚು ಸಾಕುತ್ತದೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿ ಸಿಗುತ್ತದೆಂದು ಲೆಕ್ಕ ಹಾಕಿದ್ದಾರೆ. ತದಡಿಗೆ ಬರಬೇಕಿದ್ದ 4,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಜನ ಎದ್ದು ನಿಂತ ಮೇಲೆ ಕೈಬಿಟ್ಟುಹೋಯಿತು. ಕಗ್ಗ ಮಾತ್ರ ಸದ್ದಿಲ್ಲದೆ ಕರಗುತ್ತಿದೆ: ಆಳು ಸಿಗುವುದಿಲ್ಲ, ಒಡ್ಡು ಒಡೆಯುತ್ತದೆ, ಬರೀ ಸಿಗಡಿ ಸಾಕಿದರೆ ದುಡ್ಡು ಜಾಸ್ತಿ.

ಇಷ್ಟೆಲ್ಲ ಇರುವುದು ಗೋಕರ್ಣದ ಬೆನ್ನಿಗೇ! ಓಂ ಬೀಚು, ಕುಡ್ಲೆ ಬೀಚುಗಳಲ್ಲಿ ಕಾಲಿಡಲು ಜಾಗವಿಲ್ಲ, ಅಲ್ಲಿ ಪಾಸ್ತಾ ಸಿಗುತ್ತದೆ, ಪಿಜ್ಜಾ ಸಿಗುತ್ತದೆ. ಕಗ್ಗದ ಗಂಜಿ ನನಗಂತೂ ಯಾವ ಮೆನುವಿನಲ್ಲೂ ಕಾಣಲಿಲ್ಲ. ಹೋಮ್‌ಸ್ಟೇಗಳಾದರೂ ಇದನ್ನು ಬಡಿಸಿ, ಒಳ್ಳೆಯ ಬೆಲೆ ಕೇಳಿದರೆ ತಪ್ಪೇನು? ನಾನಂತೂ ಕೊಡುತ್ತೇನೆ.

ಹೋಗುವುದೂ ಕಷ್ಟವಲ್ಲ. ಬೆಂಗಳೂರಿನಿಂದ ಕುಣಿಗಲ್ ಮಾರ್ಗವಾಗಿ ಕಾರವಾರಕ್ಕೆ ಹೋಗುವ ರಾತ್ರಿ ರೈಲು ಕುಮಟಾದಲ್ಲಿ ನಿಲ್ಲುತ್ತದೆ. ನೀರಲ್ಲಿ ನಿಂತ ಭತ್ತ ನೋಡಬೇಕಾದರೆ ಆಗಸ್ಟ್-ಸೆಪ್ಟೆಂಬರ್, ಕೊಯ್ಲಿಗೆ ಅಕ್ಟೋಬರ್. ಬೆಳಚು ತೆಗೆಯುವುದನ್ನು ನೋಡಬೇಕಾದರೆ ಇಳಿತ ಎಷ್ಟು ಹೊತ್ತಿಗೆ ಅಂತ ಮೊದಲೇ ಕೇಳಿಕೊಳ್ಳಿ. ಊಟಕ್ಕೆ ಹಿಂದಿನ ದಿನವೇ ಹೇಳಿಡಿ. ಕಗ್ಗ ಬೇಯಲು ಹೊತ್ತು ಬೇಕು.